ಇಂಧನ ಬಿಲ್ಲೆಯೊಳಗಿನ ಎಳೆದಾಟ

ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದು ವಿಶ್ವದಾಖಲೆ ಸ್ಥಾಪಿಸಿದ್ದು ಹೊರನಾಡ ಕನ್ನಡಿಗರಾದ ನಮಗೂ ಹೆಮ್ಮೆಯ ಸಂಗತಿ. ಇಂಥ ಸ್ಥಾವರಗಳ ಹೃದಯಭಾಗದಲ್ಲಿರುವ ಇಂಧನದ ಒಳಗೆ ನಡೆಯುವ ಸೂಕ್ಷ್ಮ ವ್ಯಾಪಾರವನ್ನು ಸರಳವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಕೈಗಾದಲ್ಲಿ ಶಾಖವನ್ನೀಯುವುದು ಯುರೇನಿಯಂ ಡೈಆಕ್ಸೈಡ್ ಎಂಬ ಪಿಂಗಾಣಿಯಂಥ ಪದಾರ್ಥದ ಪುಟ್ಟ ಬಿಲ್ಲೆಗಳು. ಇವನ್ನು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ಪೇರಿಸಿ, 19 ಕೊಳವೆಗಳನ್ನು ಸೇರಿಸಿ ಸುಮಾರು ಅರ್ಧ ಮೀಟರ್ ಉದ್ದದ ಒಂದು ಕಟ್ಟನ್ನು ಮಾಡುತ್ತಾರೆ. ಈ ಪದಾರ್ಥ ಶಾಖವನ್ನು ಸುಲಭವಾಗಿ ಸಾಗಿಸದು. ಆದುದರಿಂದ ಕೆಲವೇ ಮಿಲಿಮೀಟರ್ ಅಂತರದಲ್ಲಿ ಬಿಲ್ಲೆಯ ನಡುವಿಗೂ ಅಂಚಿಗೂ ನೂರಾರು ಡಿಗ್ರಿಗಳ ವ್ಯತ್ಯಾಸ ಉಂಟಾಗುತ್ತದೆ.

ಬಿಲ್ಲೆಯೊಳಗೆ ಪರಮಾಣುಗಳು ಸ್ಫಟಿಕದ ಚೌಕಟ್ಟಿನಲ್ಲಿ ಸಾಲಾಗಿ ನಿಂತಿರುತ್ತವೆ. ಯುರೇನಿಯಂ ವಿದಳನಗೊಂಡಾಗ ಸಿಡಿದ ತುಣುಕುಗಳು ನೆರೆಯ ಪರಮಾಣುಗಳನ್ನು ಸ್ಥಾನದಿಂದ ಕಿತ್ತೆಸೆಯುತ್ತವೆ. ಹೀಗೆ ತೆರವಾದ ಸ್ಥಾನವೂ ಎಡೆಯಲ್ಲಿ ನುಸುಳಿ ಕುಳಿತ ಪರಮಾಣುವೂ ಸ್ಫಟಿಕದ 'ಲೋಪ'ಗಳು. ಇಂಥ ಜೋಡಿಯನ್ನು 1926ರಲ್ಲಿ ಮೊದಲು ವಿವರಿಸಿದವನು ರಷ್ಯಾದ ಯಾಕೊವ್ ಫ್ರೆಂಕೆಲ್.

ಲೋಪಗಳು ನಿಂತಲ್ಲಿ ನಿಲ್ಲುವುದಿಲ್ಲ. ಲೋಕಲ್ ರೈಲಿನಲ್ಲಿ ಒಬ್ಬರು ಎದ್ದರೆ ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಜಾಗಕ್ಕೆ ಮತ್ತೊಬ್ಬರು. ಕೊನೆಗೆ ಸರಿದಂತೆ ಕಾಣುವುದು ಖಾಲಿ ಜಾಗವೇ. ಪರಮಾಣುಗಳ ಈ ಸಂಚಾರವೇ ವಿಸರಣೆ. ಪ್ರತಿ ಹೆಜ್ಜೆಗೂ ನೆರೆಯವರ ನಡುವಿನ ಇಕ್ಕಟ್ಟನ್ನು ದಾಟುವಷ್ಟು ಶಕ್ತಿ ಬೇಕು. ಅದನ್ನು ಒದಗಿಸುವುದು ಶಾಖ.

ಇಲ್ಲಿಯೇ 'ಸ್ಟ್ರೈನ್' ಎಂಬುದರ ಪಾತ್ರ ಬರುತ್ತದೆ. ಎಳೆತದಿಂದಲೋ ಒತ್ತುವಿಕೆಯಿಂದಲೋ ವಸ್ತುವಿನ ಅಳತೆಯಲ್ಲಾಗುವ ವ್ಯತ್ಯಾಸವೇ ಸ್ಟ್ರೈನ್. ಸ್ಫಟಿಕ ಹಿಗ್ಗಿದರೆ ಇಕ್ಕಟ್ಟು ಸಡಿಲವಾಗಿ ಸಾಮಾನ್ಯವಾಗಿ ದಾಟುವುದು ಸುಲಭ; ಕುಗ್ಗಿದರೆ ಕಷ್ಟ. ವ್ಯತ್ಯಾಸ ಅಲ್ಪವೆಂದು ಕಡೆಗಣಿಸುವಂತಿಲ್ಲ. ದಾಟಬೇಕಾದ ತಡೆ 0.1 ಎಲೆಕ್ಟ್ರಾನ್ ವೋಲ್ಟ್‌ನಷ್ಟು ತಗ್ಗಿದರೆ ಸುಮಾರು 730 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ವಿಸರಣೆಯ ವೇಗ ಮೂರು ಪಟ್ಟಾಗುತ್ತದೆ, 0.2ರಷ್ಟು ತಗ್ಗಿದರೆ ಹತ್ತು ಪಟ್ಟು. ಚಕ್ರಬಡ್ಡಿಯಂತೆ ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಎಳೆತ ಒಂದೇ ದಿಕ್ಕಿನಲ್ಲಿದ್ದರೆ ಒಂದು ಹಾದಿ ಸುಗಮವಾಗಿ ಇನ್ನೊಂದು ದುರ್ಗಮವಾಗಲೂಬಹುದು.

ನಿಜವಾದ ಬಿಲ್ಲೆಯಲ್ಲಿ ಚಿತ್ರ ಇನ್ನೂ ಜಟಿಲ. ಬಿಸಿಯಾದ ನಡುಭಾಗ ಹಿಗ್ಗಲು ಯತ್ನಿಸಿದರೆ ತಂಪಾದ ಅಂಚು ಅದನ್ನು ತಡೆಯುತ್ತದೆ. ಪರಿಣಾಮವಾಗಿ ನಡುವಿನಲ್ಲಿ ಒತ್ತುವಿಕೆ, ಅಂಚಿನಲ್ಲಿ ಎಳೆತ. ಅಂಚು ಬಿರುಕು ಬಿಡುವುದೂ ಇದರಿಂದಲೇ. ಅಂದರೆ ಶಾಖ ಸಂಚಾರವನ್ನು ಚುರುಕುಗೊಳಿಸುವ ಕಡೆಯಲ್ಲೇ ಒತ್ತುವಿಕೆ ಅದಕ್ಕೆ ಕಡಿವಾಣ ಹಾಕಬಹುದು. ಇದಲ್ಲದೆ ಪರಮಾಣು ಸಾಲುಗಳು ತಪ್ಪಿದೆಡೆಗಳಲ್ಲಿ ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಕುಗ್ಗಿರುವುದರಿಂದ ಲೋಪಗಳು ಅತ್ತ ಸೆಳೆಯಲ್ಪಡುತ್ತವೆ.

ಇದನ್ನೆಲ್ಲ ಅರಿಯುವ ಅಗತ್ಯವೇನು? ವಿದಳನದಿಂದ ಜೆನಾನ್, ಕ್ರಿಪ್ಟಾನ್ ಅನಿಲಗಳೂ ಹುಟ್ಟುತ್ತವೆ. ಜೆನಾನ್ ಪರಮಾಣು ದೊಡ್ಡದು. ಖಾಲಿ ಸ್ಥಾನಗಳ ನೆರವಿಲ್ಲದೆ ಸರಿಯಲಾರದು. ಅದು ಬಿಲ್ಲೆಯೊಳಗೆ ಗುಳ್ಳೆಗಟ್ಟಿದರೆ ಬಿಲ್ಲೆ ಉಬ್ಬುತ್ತದೆ. ಹೊರಬಂದರೆ ಕೊಳವೆಯೊಳಗಿನ ಒತ್ತಡ ಏರುತ್ತದೆ. ಅಲ್ಲಿ ತುಂಬಿರುವ ಹೀಲಿಯಂನೊಡನೆ ಬೆರೆತು ಶಾಖದ ಹರಿವನ್ನೂ ಕುಂದಿಸುತ್ತದೆ. ಆಗ ಬಿಲ್ಲೆ ಮತ್ತಷ್ಟು ಕಾಯುತ್ತದೆ, ಅನಿಲ ಮತ್ತಷ್ಟು ಬೇಗ ಹೊರಬರುತ್ತದೆ. ವಿಕಿರಣಶೀಲ ವಸ್ತುಗಳನ್ನು ಹಿಡಿದಿಡುವ ಮೊದಲ ಗೋಡೆಗಳೇ ಬಿಲ್ಲೆ ಮತ್ತು ಕೊಳವೆಯಾದ್ದರಿಂದ ಈ ಲೆಕ್ಕ ಸುರಕ್ಷತೆಯ ಲೆಕ್ಕವೂ ಹೌದು.

ಉರಿಬಿಸಿಯ, ವಿಕಿರಣಭರಿತ ಬಿಲ್ಲೆಯೊಳಗೆ ಇಣುಕಿ ಒಂದೊಂದು ಪರಮಾಣುವಿನ ಹೆಜ್ಜೆಯನ್ನು ಅಳೆಯುವುದು ಸುಲಭವಲ್ಲ. ಆದುದರಿಂದ ವಿಜ್ಞಾನಿಗಳು ಗಣಕಯಂತ್ರದಲ್ಲಿ ಸ್ಫಟಿಕವನ್ನು ಕಟ್ಟಿ, ಅದನ್ನು ಎಳೆದು, ಒತ್ತಿ, ಪ್ರತಿ ಲೋಪದ ತಡೆ ಎಷ್ಟು ಬದಲಾಗುತ್ತದೆಂದು ಕಂಡುಕೊಳ್ಳುತ್ತಾರೆ. ಆ ಅಂಕಿಗಳು ಇಂಧನದ ಆಯುಷ್ಯವನ್ನು ಅಂದಾಜಿಸುವ ಲೆಕ್ಕಗಳಿಗೆ ಆಧಾರವಾಗುತ್ತವೆ. ನಮ್ಮ ಮನೆಯ ದೀಪ ಬೆಳಗುವಾಗ ಅದರ ಹಿಂದೆ ಇಂಥ ಸೂಕ್ಷ್ಮ ಲೆಕ್ಕಾಚಾರವೂ ಇದೆಯೆಂಬುದನ್ನು ನಾವು ನೆನೆಯಬೇಕು.