ಶ್ರೀರಂಗಪಟ್ಟಣದ ‘ದೊಡ್ಡ ಸ್ವಾಮಿ’: ಹಿರಿಯ ವಿಶ್ವಾಸಿಗಳಿಂದ ಕ್ರೈಸ್ತರು ಕಲಿಯುವುದೇನು?

ಹೊಳಲು (ಮಂಡ್ಯ ಜಿಲ್ಲೆ): ಪ್ರತಿ ವರ್ಷ ನವೆಂಬರ್ 1ರಂದು ಕ್ಯಾಥೊಲಿಕ್ ಚರ್ಚುಗಳಲ್ಲಿ ಸಕಲ ಸಂತರ ಹಬ್ಬ ನಡೆಯುತ್ತದೆ. ಮರುದಿನ ಮೃತರ ಸ್ಮರಣೆ. ಅಂದು ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವುದನ್ನು ಕಂಡವರಿಗೆ ನಮ್ಮ ಪಿತೃಪಕ್ಷದ ನೆನಪಾಗುವುದು ಸಹಜ. ಆದರೆ ಮೊದಲ ದಿನದ ಹಬ್ಬದ ಉದ್ದೇಶ ಬರಿಯ ಸ್ಮರಣೆಯಲ್ಲ. ನಂಬಿಕೆಯಿಂದ ಬಾಳಿ ಹೋದವರ ಬದುಕನ್ನು ನೋಡಿ ತಮ್ಮ ಬದುಕನ್ನು ತಿದ್ದಿಕೊಳ್ಳಬೇಕೆಂಬುದು ಅದರ ಆಶಯ. ಶತಮಾನಗಳ ಹಿಂದೆ ಬೇರೆಯದೇ ಕಾಲದಲ್ಲಿ ಬದುಕಿದವರಿಂದ ಇಂದಿನವರು ಕಲಿಯುವುದಾದರೂ ಏನನ್ನು? ಈ ಪ್ರಶ್ನೆಗೆ ಉತ್ತರ ಹುಡುಕಲು ಮಂಡ್ಯ ಜಿಲ್ಲೆಯ ಜನ ದೂರ ಹೋಗಬೇಕಾಗಿಲ್ಲ.

ಬೈಬಲ್ ಹೇಳುವುದು

ಹೊಸ ಒಡಂಬಡಿಕೆಯಲ್ಲಿರುವ ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ನಂಬಿಗಸ್ತರ ಒಂದು ದೀರ್ಘ ಪಟ್ಟಿ. ಅಬ್ರಹಾಮ, ಮೋಶೆ, ದಾವೀದ ಮೊದಲಾದವರ ಹೆಸರುಗಳು ಅಲ್ಲಿ ಬರುತ್ತವೆ. ಇವರಲ್ಲಿ ಯಾರೂ ಕಳಂಕರಹಿತರಲ್ಲ. ಮೋಶೆ ಕೊಲೆ ಮಾಡಿದವನು. ದಾವೀದ ಪರಸತಿಯನ್ನು ಬಯಸಿ ಆಕೆಯ ಗಂಡನನ್ನು ಯುದ್ಧರಂಗದಲ್ಲಿ ಸಾಯುವಂತೆ ಮಾಡಿದವನು. ಆದರೂ ಇವರು ಪಟ್ಟಿಯಲ್ಲಿದ್ದಾರೆ. ತಮಗೆ ದೊರೆತ ವಾಗ್ದಾನದ ಫಲವನ್ನು ಕಾಣದೆಯೇ ಇವರು ಕಣ್ಮುಚ್ಚಿದರು ಎಂದೂ ಅದೇ ಅಧ್ಯಾಯ ಹೇಳುತ್ತದೆ. ಪತ್ರಿಕೆಯ 13ನೇ ಅಧ್ಯಾಯದಲ್ಲಿ, ಮುಂದಾಳುಗಳ ಬದುಕು ಕೊನೆಗೊಂಡ ರೀತಿಯನ್ನು ಗಮನಿಸಿ ಅವರ ನಂಬಿಕೆಯನ್ನು ಅನುಸರಿಸಬೇಕೆಂಬ ಬುದ್ಧಿಮಾತಿದೆ. ಅನುಸರಿಸಬೇಕಾದದ್ದು ನಂಬಿಕೆಯನ್ನೇ ಹೊರತು ವ್ಯಕ್ತಿಯ ನಡೆನುಡಿಗಳೆಲ್ಲವನ್ನೂ ಅಲ್ಲ ಎಂಬುದು ಇಲ್ಲಿ ಗಮನಾರ್ಹ.

ಎರಡು ಸಂಪ್ರದಾಯ

ಕ್ಯಾಥೊಲಿಕ್ ಸಭೆಯಲ್ಲಿ ಸಂತ ಪದವಿಗೆ ಒಂದು ಕ್ರಮವಿದೆ. ವ್ಯಕ್ತಿಯ ಜೀವನ, ಬರಹಗಳ ಪರಿಶೀಲನೆ ನಡೆಯುತ್ತದೆ. ದೇವರ ಸೇವಕ, ಪೂಜ್ಯ, ಧನ್ಯ ಎಂಬ ಹಂತಗಳನ್ನು ದಾಟಿದ ಮೇಲೆ ಸಂತ ಪದವಿ. 17ನೇ ಶತಮಾನದ ಕೊನೆಯ ಭಾಗದಲ್ಲಿ ಕೆನರಾ ಪ್ರದೇಶದಲ್ಲಿಯೂ ಸೇವೆ ಸಲ್ಲಿಸಿದ್ದ ಗೋವೆಯ ಪಾದ್ರಿ ಜೋಸೆಫ್ ವಾಜ್ ಅವರಿಗೆ ಈ ಪದವಿ ದೊರೆತದ್ದು 2015ರ ಜನವರಿ 14ರಂದು, ಕೊಲಂಬೊದಲ್ಲಿ.

ಪ್ರಾಟೆಸ್ಟಂಟರು ಸಂತರಲ್ಲಿ ಮೊರೆಯಿಡುವುದಿಲ್ಲ. ಆದರೆ ಅವರ ಸ್ಮರಣೆಯನ್ನು ತಳ್ಳಿಹಾಕುವುದೂ ಇಲ್ಲ. 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ 21ನೇ ವಿಧಿಯ ಪ್ರಕಾರ, ಸಂತರ ನಂಬಿಕೆ ಮತ್ತು ಸತ್ಕಾರ್ಯಗಳನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಕಾಯಕಕ್ಕೆ ತಕ್ಕಂತೆ ಅನುಸರಿಸಬಹುದು. ಅಂದರೆ ರೈತ ರೈತನಾಗಿಯೇ, ಗುಮಾಸ್ತ ಗುಮಾಸ್ತನಾಗಿಯೇ ಕಲಿಯಬೇಕು.

ಗಂಜಾಮಿನ ಪಾದ್ರಿ

ಮಂಡ್ಯ ಸುತ್ತಲಿನ ಊರುಗಳಿಂದ ಶ್ರೀರಂಗಪಟ್ಟಣಕ್ಕೆ ಹೋಗುವವರು ರಂಗನಾಥಸ್ವಾಮಿ ದೇವಾಲಯ, ಕೋಟೆ, ಗುಂಬಜ್, ನಿಮಿಷಾಂಬ ಗುಡಿಯನ್ನು ನೋಡಿ ಮರಳುವುದೇ ಹೆಚ್ಚು. ಗಂಜಾಮಿನಲ್ಲಿರುವ ಹಳೆಯ ಚರ್ಚಿನತ್ತ ಹೊರಳುವವರು ಕಡಿಮೆ. ಅದು ಫ್ರಾನ್ಸಿನ ಪಾದ್ರಿ ಅಬೆ ದ್ಯುಬುವಾ ಅವರ ಹೆಸರಿನೊಂದಿಗೆ ಗುರುತಾಗಿರುವ ಚರ್ಚು.

ಜೀನ್ ಆಂಟೋನ್ ದ್ಯುಬುವಾ 1792ರಲ್ಲಿ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಇಲ್ಲಿ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಟ್ಟುಗೂಡಿಸಲು ಬಂದರು. ಜನರ ವಿಶ್ವಾಸ ಗಳಿಸಲು ಇಲ್ಲಿಯವರ ಉಡುಪು ತೊಟ್ಟರು, ಇಲ್ಲಿಯವರ ಆಹಾರ ಪದ್ಧತಿಯನ್ನೇ ಅನುಸರಿಸಿದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನೆಲೆ ಕಳೆದುಕೊಂಡವರಿಗಾಗಿ ಕೃಷಿ ನೆಲೆಯನ್ನು ಏರ್ಪಡಿಸಿದರು. ಸ್ಥಳೀಯ ಕ್ರೈಸ್ತರಿಗೆ ಅವರು ‘ದೊಡ್ಡ ಸ್ವಾಮಿ’.

ಆ ಕಾಲದ ದೊಡ್ಡ ಪಿಡುಗು ಸಿಡುಬು. ಜೆನ್ನರ್ ಕಂಡುಹಿಡಿದ ಲಸಿಕೆ ಭಾರತಕ್ಕೆ ತಲುಪಿದ್ದು 1802ರಲ್ಲಿ. ಆಗ ಶೀತಲ ಪೆಟ್ಟಿಗೆಗಳಿರಲಿಲ್ಲ. ಒಬ್ಬರ ತೋಳಿನಲ್ಲೆದ್ದ ಗುಳ್ಳೆಯ ರಸವನ್ನು ಮತ್ತೊಬ್ಬರ ತೋಳಿಗೆ ಹಾಕಿ ಲಸಿಕೆಯನ್ನು ಜೀವಂತವಾಗಿರಿಸಬೇಕಿತ್ತು. ಸಿಡುಬನ್ನು ‘ಅಮ್ಮ’ನ ಮುನಿಸೆಂದು ನಂಬಿದ್ದ, ಜಾತಿಯ ಕಟ್ಟುಪಾಡು ಬಿಗಿಯಾಗಿದ್ದ ಸಮಾಜದಲ್ಲಿ ಇದಕ್ಕೆ ಒಪ್ಪಿಸುವುದು ಸುಲಭವಿರಲಿಲ್ಲ. ದ್ಯುಬುವಾ ಈ ಕೆಲಸಕ್ಕೆ ಮುಂದಾದರು. 1803-04ರ ಅವಧಿಯಲ್ಲಿ 25,432 ಮಂದಿಗೆ ದೇವಿ ಹಾಕಿಸಿದ ದಾಖಲೆಯಿದೆ. ಇದೇ ಸುಮಾರಿಗೆ ಮೈಸೂರು ಅರಮನೆಯೂ ಲಸಿಕೆಗೆ ಬೆಂಬಲ ನೀಡಿತ್ತು.

ಮಾದರಿಯ ಮಿತಿ

ದ್ಯುಬುವಾ ಸಂತ ಪದವಿ ಪಡೆದವರಲ್ಲ. ಅವರ ಬದುಕಿನಲ್ಲಿ ಪ್ರಶ್ನಿಸಬೇಕಾದ ಸಂಗತಿಗಳೂ ಇವೆ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಖರೀದಿಸಿ, 1816ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಅದರ ಬಹುಭಾಗ ಜೆಸ್ವಿಟ್ ಪಾದ್ರಿ ಕೋರ್ದು ಅವರ ಹಳೆಯ ಬರಹವನ್ನು ಆಧರಿಸಿದ್ದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಆ ಗ್ರಂಥದಲ್ಲಿ ಇಲ್ಲಿಯ ಜನರ ಬಗ್ಗೆ ತುಚ್ಛವಾದ ಮಾತುಗಳೂ ಇವೆ.

ಧರ್ಮಪ್ರಚಾರಕರಾಗಿ ತಾವು ಸಾಧಿಸಿದ್ದು ಅತ್ಯಲ್ಪವೆಂದು ಸ್ವತಃ ದ್ಯುಬುವಾ ಒಪ್ಪಿಕೊಂಡಿದ್ದಾರೆ. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ, 25 ವರ್ಷಗಳಲ್ಲಿ ತಾವು ಮತಾಂತರಿಸಿದವರು 200ರಿಂದ 300 ಮಂದಿ ಮಾತ್ರ ಎಂದು ಬರೆದರು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಅಸಾಧ್ಯವೆಂಬ ತೀರ್ಮಾನಕ್ಕೂ ಬಂದರು. ಇದು ಇತರ ಮಿಷನರಿಗಳ ಕೋಪಕ್ಕೆ ಕಾರಣವಾಯಿತು. ಅದೇ ವರ್ಷ ಸ್ವದೇಶಕ್ಕೆ ಮರಳಿದ ಅವರು 1848ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು.

ಎರಡು ಲೆಕ್ಕ

ಒಂದು ಲೆಕ್ಕದಲ್ಲಿ ಹೆಚ್ಚೆಂದರೆ 300, ಇನ್ನೊಂದರಲ್ಲಿ 25 ಸಾವಿರಕ್ಕೂ ಅಧಿಕ. ಬಂದ ಉದ್ದೇಶದಲ್ಲಿ ಸೋತೆನೆಂದು ಬರೆದ ವ್ಯಕ್ತಿ, ಎದುರಿಗಿದ್ದ ಸಂಕಟಕ್ಕೆ ಬೆನ್ನು ತಿರುಗಿಸಲಿಲ್ಲ. ಲಸಿಕೆ ಹಾಕಿಸಿಕೊಂಡವರ ಸಂಖ್ಯೆ ಮತಾಂತರ ಹೊಂದಿದವರ ಸಂಖ್ಯೆಗಿಂತ ಎಷ್ಟೋ ಪಟ್ಟು ದೊಡ್ಡದೆಂಬುದೇ ಇದಕ್ಕೆ ಸಾಕ್ಷಿ. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಅದನ್ನು ಕಾಣಲು ದ್ಯುಬುವಾ ಬದುಕಿರಲಿಲ್ಲ. ಫಲ ಕಾಣದೆಯೇ ಕಣ್ಮುಚ್ಚಿದವರ ಪಟ್ಟಿಯನ್ನು ಓದುವ ವಿಶ್ವಾಸಿಗಳಿಗೆ ಈ ಕಥೆ ಅಪರಿಚಿತವೆನಿಸದು.

ಹಿರಿಯರಿಂದ ಕಲಿಯುವುದೆಂದರೆ ಅವರನ್ನು ಪೀಠದ ಮೇಲೆ ಕೂರಿಸುವುದಲ್ಲ. ಅವರ ತಪ್ಪನ್ನು ಮುಚ್ಚಿಡುವುದೂ ಅಲ್ಲ. ಅವರ ಬದುಕಿನಲ್ಲಿ ನಮ್ಮ ಕೈಯಿಂದಲೂ ಆಗಬಹುದಾದ ಒಂದು ಕೆಲಸವನ್ನು ಗುರುತಿಸಿ ಅದನ್ನು ಮಾಡುವುದು. 2021ರಲ್ಲಿ ಕೋವಿಡ್ ಲಸಿಕೆಗೆ ಹಲವರು ಹಿಂಜರಿದಾಗ, ನೆರೆಮನೆಯ ವೃದ್ಧರಿಗೆ ಧೈರ್ಯ ಹೇಳಿ ಆಸ್ಪತ್ರೆಗೆ ಕರೆದೊಯ್ದವರು ಯಾವುದೇ ಧರ್ಮದವರಿರಲಿ, ದ್ಯುಬುವಾ ಹೆಸರನ್ನೇ ಕೇಳಿರದಿರಲಿ, ಅವರು ನಡೆದದ್ದು ಅದೇ ದಾರಿಯಲ್ಲಿ.