ದೊರವಾಯನ ಹಕ್ಕಿಯ ಕಡೆಯ ನೆಲೆ

ಕುರುಗೋಡಿನ ಬಂಡೆಗುಡ್ಡಗಳನ್ನು ಹಿಂದಿಕ್ಕಿ ಸಿರುಗುಪ್ಪದ ಕಡೆಗೆ ಹೊರಟವರ ಕಣ್ಣಿಗೆ ಮೊದಲು ಬೀಳುವುದು ತುಂಗಭದ್ರೆಯ ಕಾಲುವೆಯ ನೀರುಂಡ ಬತ್ತದ ಗದ್ದೆಗಳ ಹಸುರು. ಅದನ್ನು ಕಂಡು ಹಿಗ್ಗದವರಾರು? ನಾವೂ ಹಿಗ್ಗುತ್ತೇವೆ. ಆದರೆ ಕಾಲುವೆಯ ನೀರು ಹತ್ತದ ಎರೆಭೂಮಿಯಲ್ಲಿ, ಜೋಳ ಕಡಲೆಗಳ ಹೊಲಗಳ ನಡುವೆ, ಕೆಲವು ಹುಲ್ಲುಬಯಲುಗಳು ಕಡಲ ನಡುವಣ ದ್ವೀಪಗಳಂತೆ ಉಳಿದಿವೆ. ಎರೆಲಡ್ಡು ಎಂದೂ ಹೆಸರುಳ್ಳ ದೊರವಾಯನ ಹಕ್ಕಿಗೆ ಕರ್ನಾಟಕದಲ್ಲಿ ಇದೇ ಕಡೆಯ ನೆಲೆ.

ಈ ಹಕ್ಕಿ ಮೂರಡಿಯಷ್ಟು ಎತ್ತರ ನಿಲ್ಲುತ್ತದೆ. ಗಂಡು 15 ಕಿಲೋದವರೆಗೂ ತೂಗಬಲ್ಲುದು. ಮಿಡತೆ, ಜೀರುಂಡೆಗಳನ್ನು ತಿಂದು ಬೇಸಾಯಗಾರನಿಗೆ ಉಪಕಾರವನ್ನೇ ಮಾಡುತ್ತದೆ. ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ. ದನದ ಗೊರಸು, ನಾಯಿಯ ಬಾಯಿ ಎರಡಕ್ಕೂ ಸುಲಭವಾದ ತುತ್ತು. ಇಡೀ ದೇಶದಲ್ಲಿ ಈ ಹಕ್ಕಿಗಳ ಸಂಖ್ಯೆ 150ನ್ನು ಮೀರದೆಂದು ಬಲ್ಲವರ ಅಂದಾಜು. ಸಿರುಗುಪ್ಪದವುಗಳನ್ನೆಣಿಸಲು ಕೈಬೆರಳುಗಳೇ ಸಾಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿಯೇ ಇದರ ಹೆಸರುಂಟು. ಕಾಯಿದೆಯೊಂದರಿಂದಲೇ ಹಕ್ಕಿ ಬದುಕುವುದಾದರೆ ರಾಣೆಬೆನ್ನೂರಿನಲ್ಲಿ ಅದು ಬದುಕಬೇಕಾಗಿತ್ತು. ಅಲ್ಲಿ 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಆದರೆ ಬಯಲಿನ ಬಹುಭಾಗದಲ್ಲಿ ನೀಲಗಿರಿ ಗಿಡಗಳ ತೋಪೆದ್ದಿತು. ಗಿಡ ನೆಟ್ಟವರು ಪುಣ್ಯಕಾರ್ಯವೆಂದೇ ನೆಟ್ಟಿರಬೇಕು. ಚಿಗರೆಗಳು ಹೇಗೋ ಹೊಂದಿಕೊಂಡವು. ಬಯಲನ್ನೇ ನಂಬಿದ್ದ ದೊರವಾಯನ ಹಕ್ಕಿ ಮರೆಯಾಯಿತು.

ಹುಲ್ಲುಬಯಲನ್ನು ಬೀಳು, ಪಾಳು ಎಂದು ಕರೆಯುವುದು ನಮ್ಮಲ್ಲಿ ಹಳೆಯ ರೂಢಿ. ಪಾಳೆಂದ ಮೇಲೆ ಅದನ್ನು ಉತ್ತರೂ ಲೇಸು, ಗಿಡ ನೆಟ್ಟರೂ ಲೇಸು, ಯಂತ್ರಸ್ಥಾವರಕ್ಕೆ ಕೊಟ್ಟರೂ ಲೇಸು! ಮೇಲಾಗಿ ವಿದ್ಯುತ್ತಂತಿಗಳ ಭಯ. ಈ ಭಾರಿ ಹಕ್ಕಿಗೆ ಮುಂದಿನ ನೋಟ ಮಂದ. ಹಾರುತ್ತ ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತುಗಳ ತಂತಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಆಜ್ಞೆ ಮಾಡಬೇಕಾಗಿ ಬಂದುದು ಇದರಿಂದಲೇ.

ನ್ಯೂಜಿಲೆಂಡೆಂಬ ದ್ವೀಪರಾಷ್ಟ್ರದಲ್ಲಿ ಹಾರಲಾರದ ಕಾಕಾಪೋ ಗಿಳಿಗಳು 1995ರಲ್ಲಿ 51 ಮಾತ್ರ ಉಳಿದಿದ್ದವು. ಬೆಕ್ಕು, ಇಲಿಗಳನ್ನು ತೊಡೆದ ಚಿಕ್ಕ ದ್ವೀಪಗಳಲ್ಲಿ ಅವುಗಳನ್ನಿರಿಸಿ ಕಾಯ್ದುದರಿಂದ ಸಂಖ್ಯೆ 200ನ್ನು ದಾಟಿತು. ಅಲ್ಲಿಯವರ ಸ್ವದೇಶಾಭಿಮಾನ ಗಿಳಿಯವರೆಗೂ ಇಳಿದಿದೆ. ಕುರುಗೋಡಿನ ದೊಡ್ಡಬಸವನ ಕಲ್ಲಿಗೆ ಉಳಿಯೇಟು ಬಿದ್ದರೆ ಸಹಿಸದ ನಾವು ಎರೆನೆಲದ ಈ ಜೀವದ ವಿಷಯದಲ್ಲಿ ಸುಮ್ಮನಿರುವುದೇಕೆ?

ಬಳ್ಳಾರಿಯ ಅಧಿಕಾರಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಸಿರುಗುಪ್ಪದಲ್ಲಿ ಉಳಿದಿರುವ ಸರಕಾರಿ ಹುಲ್ಲುಬಯಲುಗಳನ್ನು ಅಳೆದು ಯಾರಿಗೂ ಕೊಡದೆ ಕಾದಿಡಲಿ. ಅಲ್ಲಿ ಗಿಡ ನೆಡುವ ಉತ್ಸವಗಳು ಬೇಡ. ಆ ಬಯಲುಗಳ ಮೇಲೆ ಹೊಸ ತಂತಿ ಎಳೆಯದಿರಲಿ. ಹೊಲದಲ್ಲಿ ಮೊಟ್ಟೆ ಕಂಡು ಅಷ್ಟು ನೆಲವನ್ನು ಉಳದೆ ಬಿಟ್ಟ ರೈತನಿಗೆ ನಷ್ಟ ತುಂಬಿಕೊಡಲಿ. ಮುಂಗಾರು ಮೊಟ್ಟೆಯಿಡುವ ಕಾಲ. ಆಜ್ಞೆ ಅದಕ್ಕೆ ಮೊದಲೇ ಹೊರಡಬೇಕು.