ಎಣಿಕೆಗೆ ಬಾರದ ವರ್ಷಗಳು: ಗುತ್ತಿಗೆ ಸೇವೆ ಮತ್ತು ನಿವೃತ್ತಿ ವೇತನದ ಹಕ್ಕು

ಸರ್ಕಾರದ ಕೆಲಸಕ್ಕೆ ಮೊದಲು ಗುತ್ತಿಗೆಯ ಮೇಲೋ ದಿನಗೂಲಿಯಾಗಿಯೋ ಸೇರಿ, ಹಲವು ವರ್ಷಗಳ ಬಳಿಕ ಖಾಯಂ ಆದವರ ನಿವೃತ್ತಿ ವೇತನದ ವಿಚಾರ ಬಂದಾಗಲೆಲ್ಲ ಚರ್ಚೆ ಬೊಕ್ಕಸದ ಕಡೆಗೆ ತಿರುಗುತ್ತದೆ. ಎಷ್ಟು ಕೊಡಬೇಕು, ಎಷ್ಟು ಕಾಲ ಕೊಡಬೇಕು, ರಾಜ್ಯಕ್ಕೆ ಅದು ಭಾರವಾಗದೇ ಎಂಬ ಮಾತುಗಳೇ ಮುಂದಾಗುತ್ತವೆ. ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಒಬ್ಬ ನೌಕರನ ಸೇವೆಯನ್ನು ಯಾವ ದಿನದಿಂದ ಎಣಿಸಬೇಕು? ಕೆಲಸಕ್ಕೆ ಬಂದ ದಿನದಿಂದಲೋ, ಸರ್ಕಾರ ಅವನನ್ನು ನೌಕರನೆಂದು ಒಪ್ಪಿದ ದಿನದಿಂದಲೋ? ಈ ಎರಡು ದಿನಗಳ ನಡುವಿನ ಅಂತರ ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ವರ್ಷಗಳಷ್ಟಿರುತ್ತದೆ. ಜಾನಪದ ಅಧ್ಯಯನಕ್ಕೆ ಇದರಲ್ಲೇನು ಕೆಲಸವೆಂದು ಕೇಳುವವರು ಇರಬಹುದು. ಊಳಿಗ ಮತ್ತು ಅದರ ಪ್ರತಿಫಲಗಳ ಸಂಬಂಧವನ್ನು ಒಂದು ಸಮಾಜ ಹೇಗೆ ದಾಖಲಿಸುತ್ತದೆ, ಹೇಗೆ ನೆನಪಿಡುತ್ತದೆ ಎಂಬುದು ನಮ್ಮ ಶಿಸ್ತಿನ ಹಳೆಯ ವಿಷಯವೇ ಆಗಿದೆ. ಬೆಂಗಳೂರಿನ ಉತ್ತರ ಭಾಗವನ್ನು ಮುಖ್ಯ ಕ್ಷೇತ್ರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

2018ರಲ್ಲಿ ಹೆಬ್ಬಾಳದಲ್ಲಿ ದೊರೆತ, ಸುಮಾರು ಕ್ರಿ.ಶ. 750ರ ಶ್ರೀಪುರುಷನ ಕಾಲದ ವೀರಗಲ್ಲು ಕಿತ್ತಯ್ಯನೆಂಬುವನು ಹೋರಾಡಿ ಮಡಿದುದನ್ನು ಹೇಳುತ್ತದೆ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ಪ್ರಸಿದ್ಧ ಶಿಲಾಶಾಸನ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾಗತ್ತರನು ಯುದ್ಧದಲ್ಲಿ ಸತ್ತ ಮೇಲೆ ಎರೆಯಪ್ಪರಸನು ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಕೊಟ್ಟ ಊರುಗಳನ್ನು ಆ ಶಾಸನ ಹೆಸರು ಹೇಳಿ ಎಣಿಸುತ್ತದೆ. ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಪದಗಳೆಲ್ಲ ಸೇವೆಗೆ ಪ್ರತಿಯಾಗಿ ಕೊಡುವ ಭೂಮಿಯನ್ನು ಸೂಚಿಸುತ್ತವೆ. ಇವುಗಳಲ್ಲಿ ಕೊನೆಯದು ಮಡಿದವನ ಮನೆಯವರಿಗೆ ಸಲ್ಲುತ್ತಿದ್ದುದು. ಇದನ್ನು ಇಂದಿನ ಕುಟುಂಬ ಪಿಂಚಣಿಗೆ ಸಮೀಕರಿಸುವುದು ಅತಿಯಾದೀತು. ಅದು ಅರಸನ ಕೃಪೆಯಿಂದ ಬಂದದ್ದು, ಹಕ್ಕಿನಿಂದಲ್ಲ. ಸೇವೆಯ ಫಲ ಸೇವಕನ ದುಡಿಯುವ ದಿನಗಳನ್ನು ಮೀರಿ ಉಳಿಯಬೇಕೆಂಬ ಭಾವನೆ ಮಾತ್ರ ಇಲ್ಲಿ ಸ್ಪಷ್ಟವಾಗಿದೆ.

ಈ ಭಾವನೆಯ ಹಳ್ಳಿಯ ರೂಪವೇ ಆಯಗಾರ ಪದ್ಧತಿ. ಯಲಹಂಕ, ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳಗಳ ಕೆರೆ ಬಯಲಿನಲ್ಲಿ ನೀರು ಬಿಡುವ ನೀರಗಂಟಿ, ಊರು ಕಾಯುವ ತಳವಾರ, ಕಂದಾಯದ ಕೆಲಸಕ್ಕೆ ಓಡಾಡುವ ತೋಟಿ ಇವರಿಗೆ ಎರಡು ಬಗೆಯ ಪ್ರತಿಫಲವಿತ್ತು. ಸುಗ್ಗಿಯಲ್ಲಿ ಕಣದಿಂದ ಬರುವ ಆಯ ಒಂದು; ಉಂಬಳಿ ಅಥವಾ ಇನಾಮು ಭೂಮಿ ಇನ್ನೊಂದು. ಆಯ ಆ ವರ್ಷದ ದುಡಿಮೆಗೆ. ಉಂಬಳಿ ಕೈಕಾಲು ಸೋತ ಕಾಲಕ್ಕೂ ಇರುವಂಥದು. ಇದನ್ನು ಸುವರ್ಣಯುಗವೆಂದು ಕರೆಯುವ ಉದ್ದೇಶ ನನಗಿಲ್ಲ. ತೋಟಿಯ ಕೆಲಸ ಜಾತಿಗೆ ಕಟ್ಟಿಹಾಕಿದ, ಬೇಡವೆಂದು ಬಿಡಲು ಬಾರದ ಬಿಟ್ಟಿಯ ನೆರಳಿನ ಕೆಲಸವಾಗಿತ್ತು. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಅಧಿನಿಯಮ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿದ್ದು ಸರಿಯಾದ ಕ್ರಮವೇ. ಭೂಮಿಯನ್ನು ಸರ್ಕಾರ ವಶಕ್ಕೆ ಪಡೆದು, ಹುದ್ದೆ ಹೊಂದಿದ್ದವರಿಗೆ ಮರುಮಂಜೂರು ಮಾಡುವ ವ್ಯವಸ್ಥೆಯೂ ಅದರಲ್ಲಿತ್ತು. ಆದರೆ ಕೆಲಸ ಹೋಗಲಿಲ್ಲ. ಅದೇ ಓಡಾಟವನ್ನು ಮಾಡುವವರು ಮುಂದೆ ಗೌರವಧನದ ಮೇಲೆ ಗ್ರಾಮ ಸಹಾಯಕರೆನಿಸಿದರು. ಆಯದ ಜಾಗಕ್ಕೆ ಗೌರವಧನ ಬಂತು. ಉಂಬಳಿಯ ಜಾಗ ಖಾಲಿಯಾಗಿಯೇ ಉಳಿಯಿತು. ಗುತ್ತಿಗೆ ನೌಕರಿಯ ಸ್ವರೂಪವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಇನ್ನು ಕಾನೂನಿನ ಕಡೆಗೆ ಬರಬಹುದು. ನಿವೃತ್ತಿ ವೇತನ ಸರ್ಕಾರದ ಮರ್ಜಿಯ ಕೊಡುಗೆಯಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯ 1971ರ ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿಯೂ 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿಯೂ ಸ್ಪಷ್ಟಪಡಿಸಿದೆ. ಅದು ಸಲ್ಲಿಸಿದ ಸೇವೆಯಿಂದ ಗಳಿಸಿದ ಹಕ್ಕು. ನಮ್ಮ ಹಿರಿಯ ಜನಪದ ಕಲಾವಿದರು ಪಡೆಯುವ ಮಾಸಾಶನಕ್ಕೂ ನಿವೃತ್ತಿ ವೇತನಕ್ಕೂ ಇರುವ ವ್ಯತ್ಯಾಸ ಇದೇ: ಮೊದಲನೆಯದಕ್ಕೆ ಅರ್ಜಿ ಹಾಕಿ ಕಾಯಬೇಕು, ಎರಡನೆಯದನ್ನು ಕೇಳಿ ಪಡೆಯಬಹುದು. ಕರ್ನಾಟಕ ನಾಗರಿಕ ಸೇವಾ ನಿಯಮಗಳ ಹಳೆಯ ವ್ಯವಸ್ಥೆಯಲ್ಲಿ ಈ ಹಕ್ಕಿಗೆ ಕನಿಷ್ಠ 10 ವರ್ಷಗಳ ಅರ್ಹತಾದಾಯಕ ಸೇವೆ ಬೇಕು. ಪೂರ್ಣ ಸೇವೆಯಾದವರಿಗೆ ಕೊನೆಯ ವೇತನದ ಅರ್ಧದಷ್ಟು ನಿವೃತ್ತಿ ವೇತನ ದೊರೆಯುತ್ತದೆ. ಹಕ್ಕಿನ ಬಾಗಿಲಲ್ಲಿ ನಿಂತಿರುವ ಪದ ‘ಅರ್ಹತಾದಾಯಕ’. ಗುತ್ತಿಗೆಯ ವರ್ಷಗಳು ಅದರೊಳಗೆ ಸೇರುವುದೇ ಇಲ್ಲವೇ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ.

ಈ ವಿಷಯದಲ್ಲಿ ದೇಶಕ್ಕೆ ದಾರಿ ಹಾಕಿದ್ದು ಕರ್ನಾಟಕದ ಪ್ರಕರಣಗಳೇ. ರಾಜ್ಯ ಸರ್ಕಾರ 1984ರ ಜುಲೈನಲ್ಲಿ ದಿನಗೂಲಿ ನೇಮಕವನ್ನು ನಿಷೇಧಿಸಿತ್ತು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಹೂಡಿದ ಮೊಕದ್ದಮೆಯಲ್ಲಿ 1990ರಲ್ಲಿ ಸರ್ವೋಚ್ಚ ನ್ಯಾಯಾಲಯ, ನಿಷೇಧಕ್ಕೆ ಮೊದಲೇ ಸೇರಿ ಹತ್ತು ವರ್ಷ ಪೂರೈಸಿದವರನ್ನು ಹಂತಹಂತವಾಗಿ ಸಕ್ರಮಗೊಳಿಸುವ ಯೋಜನೆಯನ್ನು ವಿಧಿಸಿತು. ನಿಷೇಧದ ನಂತರವೂ ನೇಮಕ ನಿಲ್ಲಲಿಲ್ಲ. ವಾಣಿಜ್ಯ ತೆರಿಗೆಗಳ ಇಲಾಖೆಯಲ್ಲಿ 1985-86ರಿಂದ ದಿನಗೂಲಿಗಳಾಗಿ ದುಡಿದವರ ಪ್ರಕರಣ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಯಿತು. ಇದೇ ಉಮಾದೇವಿ ಪ್ರಕರಣ. ಹಿಂಬಾಗಿಲಿನ ನೇಮಕವನ್ನು ಖಾಯಂ ಮಾಡುವುದು ಸಂವಿಧಾನದ ಸಮಾನ ಅವಕಾಶದ ತತ್ತ್ವಕ್ಕೆ ವಿರುದ್ಧ, ಬಹಳ ಕಾಲ ದುಡಿದದ್ದರಿಂದಲೇ ಹುದ್ದೆಯ ಹಕ್ಕು ಹುಟ್ಟದು ಎಂದು ಪೀಠ 2006ರ ಏಪ್ರಿಲ್ 10ರಂದು ಹೇಳಿತು. ಹೊರಗೆ ನಿಂತು ಸ್ಪರ್ಧೆಗೆ ಕಾದಿದ್ದ ನಿರುದ್ಯೋಗಿಗಳ ದೃಷ್ಟಿಯಿಂದ ಈ ಮಾತಿನಲ್ಲಿ ನ್ಯಾಯವಿದೆಯೆಂಬುದನ್ನು ಮರೆಯುವಂತಿಲ್ಲ. ತೀರ್ಪಿನಲ್ಲಿ ಒಂದು ವಿನಾಯಿತಿಯೂ ಇತ್ತು. ಮಂಜೂರಾದ ಹುದ್ದೆಗಳಲ್ಲಿ, ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ, ಹತ್ತು ವರ್ಷಕ್ಕೂ ಮೇಲೆ ದುಡಿದ ಅರ್ಹರನ್ನು ಒಂದು ಬಾರಿಗೆ ಮಾತ್ರ ಸಕ್ರಮಗೊಳಿಸುವ ಕ್ರಮಕ್ಕೆ ಆರು ತಿಂಗಳೊಳಗೆ ಚಾಲನೆ ನೀಡಬೇಕೆಂದು ಪೀಠ ಸೂಚಿಸಿತು. ಇಲಾಖೆಗಳು ತೀರ್ಪಿನ ನಿಷೇಧವನ್ನು ನೆನಪಿಟ್ಟಷ್ಟು ಈ ವಿನಾಯಿತಿಯನ್ನು ನೆನಪಿಡಲಿಲ್ಲ. ಆದ್ದರಿಂದಲೇ ಗದಗ ಜಿಲ್ಲೆಯಿಂದ ಹೊರಟ ಎಂ.ಎಲ್. ಕೇಸರಿ ಪ್ರಕರಣದಲ್ಲಿ 2010ರಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಪೀಠ, ಅರ್ಹರೆಲ್ಲರನ್ನೂ ಪರಿಗಣಿಸುವವರೆಗೆ ಆ ಕ್ರಮ ಮುಗಿದಂತಾಗದು ಎಂದು ಹೇಳಬೇಕಾಯಿತು.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಉಮಾದೇವಿ ತೀರ್ಪಿಗೆ ಒಂಬತ್ತು ದಿನ ಮೊದಲು, 2006ರ ಏಪ್ರಿಲ್ 1ರಿಂದ, ಕರ್ನಾಟಕದಲ್ಲಿ ಹೊಸದಾಗಿ ಸೇವೆಗೆ ಸೇರುವವರಿಗೆ ಹಳೆಯ ನಿವೃತ್ತಿ ವೇತನ ನಿಂತು ಹೊಸ ಅಂಶದಾಯಿ ಯೋಜನೆ ಜಾರಿಗೆ ಬಂದಿತ್ತು. ಇದರಲ್ಲಿ ನೌಕರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10ನ್ನು ಕಟ್ಟುತ್ತಾನೆ, ಸರ್ಕಾರ ತನ್ನ ಪಾಲು ಸೇರಿಸುತ್ತದೆ, ಕೊನೆಗೆ ಕೈಗೆ ಬರುವುದು ಆ ನಿಧಿಯ ಬೆಳವಣಿಗೆಯನ್ನು ಅವಲಂಬಿಸಿರುತ್ತದೆ. ಕೊನೆಯ ವೇತನದ ಅರ್ಧವೆಂಬ ಭರವಸೆ ಇದರಲ್ಲಿಲ್ಲ. ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಯಶವಂತಪುರದ ಒಂದು ಕಚೇರಿಗೆ 1994ರಲ್ಲಿ ದಿನಗೂಲಿಯಾಗಿ ಬಂದವನನ್ನು ತೀರ್ಪಿನ ವಿನಾಯಿತಿಯಂತೆ 2008ರಲ್ಲಿ ಸಕ್ರಮಗೊಳಿಸಿದರೆಂದು ಭಾವಿಸೋಣ. ಆದೇಶ ಪೂರ್ವಾನ್ವಯವಾಗದಿದ್ದರೆ ಅವನು 2008ರ ಹೊಸ ನೌಕರ. ಹದಿನಾಲ್ಕು ವರ್ಷಗಳ ದುಡಿಮೆಯೇ ಅವನಿಗೆ ಹುದ್ದೆಯನ್ನು ತಂದುಕೊಟ್ಟಿತು. ನಿವೃತ್ತಿ ವೇತನದ ಲೆಕ್ಕದಲ್ಲಿ ಅದೇ ಹದಿನಾಲ್ಕು ವರ್ಷಗಳು ಶೂನ್ಯ. ಒಂದು ಕಡೆ ಸಾಕ್ಷಿಯಾದದ್ದು ಇನ್ನೊಂದು ಕಡೆ ಇಲ್ಲವಾಗುವ ಈ ವಿಚಿತ್ರವನ್ನು ಯಾವ ತರ್ಕವೂ ಸಮರ್ಥಿಸಲಾರದು.

ಸಕ್ರಮವಾಗದೆ ಉಳಿದವರಿಗಾಗಿ 2012ರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ ಬಂತು. ಅರವತ್ತರವರೆಗೆ ಕೆಲಸದ ಭದ್ರತೆಯನ್ನು ಅದು ಕೊಟ್ಟಿತು, ಖಾಯಂ ನೌಕರನ ಸ್ಥಾನವನ್ನು ಕೊಡಲಿಲ್ಲ. ಹೊರಗುತ್ತಿಗೆ ಸಂಸ್ಥೆಯ ಮೂಲಕ ದುಡಿಯುವವರ ಸ್ಥಿತಿ ಇನ್ನೂ ತೆಳುವಾದುದು. ಭವಿಷ್ಯ ನಿಧಿಗೆ ವಂತಿಗೆ ಕಟ್ಟಿದ್ದರೆ 1995ರ ನೌಕರರ ಪಿಂಚಣಿ ಯೋಜನೆಯಿಂದ ಅಲ್ಪ ಮೊತ್ತ ಬರಬಹುದು. 2014ರಲ್ಲಿ ಅದರ ಕನಿಷ್ಠ ಮಿತಿಯನ್ನು ತಿಂಗಳಿಗೆ 1,000 ರೂಪಾಯಿಗೆ ನಿಗದಿಪಡಿಸಲಾಯಿತು.

ಎಣಿಕೆಯ ಪ್ರಶ್ನೆಗೆ ಇತ್ತೀಚಿನ ತೀರ್ಪುಗಳು ಬೇರೊಂದು ಉತ್ತರ ಕೊಡುತ್ತಿವೆ. ಉತ್ತರಪ್ರದೇಶದ ಪ್ರೇಮ್ ಸಿಂಗ್ ಪ್ರಕರಣದಲ್ಲಿ 2019ರಲ್ಲಿ, ಸಕ್ರಮಗೊಳ್ಳುವ ಮೊದಲಿನ ಕಾಮಗಾರಿ ಆಧಾರಿತ ಸೇವೆಯನ್ನೂ ನಿವೃತ್ತಿ ವೇತನಕ್ಕೆ ಎಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಿಮಾಚಲಪ್ರದೇಶದ ಶೀಲಾದೇವಿ ಪ್ರಕರಣದ 2023ರ ತೀರ್ಪು ನೇರವಾಗಿ ಗುತ್ತಿಗೆ ಸೇವೆಗೆ ಸಂಬಂಧಿಸಿದ್ದು. 1972ರ ಕೇಂದ್ರ ಪಿಂಚಣಿ ನಿಯಮಗಳ 17ನೆಯ ನಿಯಮ, ಗುತ್ತಿಗೆಯಲ್ಲಿ ಸೇರಿ ನಡುವೆ ಬಿಡುವಿಲ್ಲದೆ ಖಾಯಂ ಆದವನಿಗೆ ಹಿಂದಿನ ಸೇವೆಯನ್ನು ಎಣಿಸಿಕೊಳ್ಳುವ ಆಯ್ಕೆ ಕೊಡುತ್ತದೆ. ಆ ನಿಯಮ ಇಂಥವರಿಗಾಗಿಯೇ ಇರುವಂಥದೆಂದು ನ್ಯಾಯಾಲಯ ಅರ್ಥೈಸಿತು. ಕರ್ನಾಟಕಕ್ಕೆ ತನ್ನದೇ ಸೇವಾ ನಿಯಮಗಳಿರುವುದರಿಂದ ಈ ತೀರ್ಪು ಇಲ್ಲಿಗೆ ತಾನಾಗಿ ಅನ್ವಯಿಸುವುದಿಲ್ಲ. ಅದರ ಹಿಂದಿನ ವಿವೇಚನೆ ಇಲ್ಲಿಗೂ ಸಲ್ಲುವಂಥದು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರವೇ, 2006ರ ಏಪ್ರಿಲ್‌ಗೆ ಮೊದಲು ಅಧಿಸೂಚನೆಯಾಗಿ ನಂತರ ಸೇವೆಗೆ ಸೇರಿದ ಸುಮಾರು 13,000 ನೌಕರರಿಗೆ ಹಳೆಯ ನಿವೃತ್ತಿ ವೇತನವನ್ನು ಅನ್ವಯಿಸಿತು. ಆಡಳಿತದ ವಿಳಂಬಕ್ಕೆ ನೌಕರ ಹೊಣೆಯಲ್ಲವೆಂಬುದು ಆ ಬೇಡಿಕೆಯ ತಿರುಳು. ಅಧಿಸೂಚನೆಯಲ್ಲಿ ಹೆಸರಿಲ್ಲದೆ ಆ ದಿನಾಂಕಕ್ಕೂ ಹತ್ತು ವರ್ಷ ಮೊದಲೇ ಕಚೇರಿಯೊಳಗೆ ಕುಳಿತು ದುಡಿಯುತ್ತಿದ್ದವನಿಗೆ ಇದೇ ತರ್ಕವನ್ನು ನಿರಾಕರಿಸುವುದು ಕಷ್ಟ.

ಇಷ್ಟಾದರೂ ಹಕ್ಕು ಕೈಗೆ ಬರಲು ದಾಖಲೆ ಬೇಕು. ಜಾನಪದ ವಿದ್ವಾಂಸನಿಗೆ ಬಾಯಿಮಾತೇ ಆಕರ. ಮಹಾಲೇಖಪಾಲರ ಕಚೇರಿಗೆ ಅದು ಆಕರವಲ್ಲ. ದುಡಿಯುವ ಜನ ತಮ್ಮ ಸೇವೆಯನ್ನು ಊರಿನ ಘಟನೆಗಳಿಂದ ಎಣಿಸುತ್ತಾರೆ: ಹೆಬ್ಬಾಳದ ಮೇಲ್ಸೇತುವೆ ಕಟ್ಟುವಾಗ, ಆರ್.ಟಿ. ನಗರದ ಕಡೆ ಇನ್ನೂ ಖಾಲಿ ನಿವೇಶನಗಳಿದ್ದಾಗ, ದೇವನಹಳ್ಳಿಗೆ ವಿಮಾನ ಬಂದ ವರ್ಷ. ಕೊನೆಯದು 2008 ಎಂದು ನಾವು ತಿಳಿಯಬಲ್ಲೆವು. ಹಾಜರಿ ಪಟ್ಟಿ ಕಳೆದುಹೋಗಿದ್ದರೆ ಕಚೇರಿ ಅದನ್ನು ತಿಳಿಯಲೊಲ್ಲದು. ವರ್ಷಕ್ಕೊಮ್ಮೆ ಒಂದೆರಡು ದಿನ ಕೆಲಸ ನಿಲ್ಲಿಸಿ ಮತ್ತೆ ಕರೆದುಕೊಳ್ಳುವ ‘ಬ್ರೇಕ್’ ಪದ್ಧತಿಯೂ ಸೇವೆಯ ನಿರಂತರತೆಯನ್ನು ಕಾಗದದ ಮೇಲೆ ಕತ್ತರಿಸಲೆಂದೇ ಹುಟ್ಟಿದ್ದು. ಮೊದಲ ನೇಮಕದ ಆದೇಶ, ವೇತನ ಪಾವತಿಯ ಪಟ್ಟಿ, ಭವಿಷ್ಯ ನಿಧಿಯ ಖಾತೆ, ಬ್ರೇಕಿನ ಪತ್ರ, ಇವುಗಳ ಪ್ರತಿಗಳನ್ನು ಆಯಾ ಕಾಲದಲ್ಲಿಯೇ ಪಡೆದಿಟ್ಟುಕೊಂಡವರು ಮಾತ್ರ ನ್ಯಾಯಾಲಯದಲ್ಲಿ ತಮ್ಮ ವರ್ಷಗಳನ್ನು ಜೋಡಿಸಿ ತೋರಿಸಬಲ್ಲರು. ಬೇಗೂರಿನ ಕಲ್ಲು ಹನ್ನೆರಡು ಊರುಗಳನ್ನು ಹೆಸರಿಸಿ ಉಳಿಸಿತು. ದಿನಗೂಲಿಯ ಹಾಜರಿ ಪಟ್ಟಿಗೆ ಅಷ್ಟು ಆಯುಷ್ಯವಿಲ್ಲ.

2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ಖಾಯಂ ನೇಮಕದ ಆದೇಶಗಳು ದೊರೆತವು. ಮೊದಲು ಗುತ್ತಿಗೆದಾರರ ಕೈಕೆಳಗೆ, ಬಳಿಕ ಪಾಲಿಕೆಯ ನೇರ ಪಾವತಿಯಲ್ಲಿ ಬೀದಿ ಗುಡಿಸಿದವರು ಇವರು, ಬಹುಪಾಲು ಹೆಂಗಸರು. ದೀರ್ಘ ಹೋರಾಟದ ಈ ಫಲವನ್ನು ಲಘುವಾಗಿ ಕಾಣುವಂತಿಲ್ಲ. ನಮ್ಮ ಗಾದೆ ಊರು ಹೋಗು ಎನ್ನುವ, ಕಾಡು ಬಾ ಎನ್ನುವ ಕಾಲವೆಂದು ಮುಪ್ಪನ್ನು ಬಣ್ಣಿಸುತ್ತದೆ. ಯಲಹಂಕದ ಬೀದಿಗಳಲ್ಲಿ ಮೂವತ್ತರ ಪ್ರಾಯದಿಂದ ದುಡಿದು, ಐವತ್ತನೆಯ ವಯಸ್ಸಿನಲ್ಲಿ ಆದೇಶ ಪಡೆದ ಒಬ್ಬ ಹೆಣ್ಣುಮಗಳು ಅರವತ್ತಕ್ಕೆ ನಿವೃತ್ತಳಾಗುವಾಗ ಸೇವಾ ಪುಸ್ತಕದಲ್ಲಿ ಇರುವುದು ಹತ್ತು ವರ್ಷ. ಮೊದಲಿನ ಇಪ್ಪತ್ತು ವರ್ಷಗಳನ್ನು ಎಲ್ಲಿ ಬರೆಯಬೇಕೆಂಬುದಕ್ಕೆ ಆ ಪುಸ್ತಕದಲ್ಲಿ ಅಂಕಣವಿಲ್ಲ.